ಒಂದು ಪಕ್ಕ ತೇದ ರಾಣಿ ಛಾಪ

ಕರಗಿಸಲು ಬಂದ ಹಳೆಯ ಬೆಳ್ಳಿ ರೂಪಾಯಿಗಳನ್ನು ಒಟ್ಟಿಗೆ ತಕ್ಕಡಿಗೆ ಸುರಿಯುವವನಲ್ಲ ನಾನು. ಒಂದೊಂದನ್ನೇ ಇಟ್ಟು ತೂಕ ನೋಡಿ, ಎರಡೂ ಮುಖ ತಿರುವಿ, ಅಂಚಿನ ಮೇಲೆ ಉಗುರಾಡಿಸಿ ಆಮೇಲೆ ಪಕ್ಕಕ್ಕೆ ಸರಿಸುತ್ತೇನೆ. ಬೆಟಗೇರಿಯ ಉಳಿದ ಪತ್ತಾರರು, ಅಂದರೆ ನನ್ನಂಥ ಅಕ್ಕಸಾಲಿಗರು, ಇದನ್ನು ಹೊತ್ತು ಕಳೆಯುವ ಕೆಲಸ ಎನ್ನುತ್ತಾರೆ. ಬೆಳ್ಳಿಯ ದರ ಏರಿದ ಮೇಲೆ ಜನ ಟ್ರಂಕಿನ ತಳದಲ್ಲಿದ್ದದ್ದನ್ನೆಲ್ಲ ತರುತ್ತಿರುವುದರಿಂದ, ಒಂದೊಂದನ್ನೇ ನೋಡುತ್ತ ಕೂತರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ ಎಂಬುದೂ ನಿಜ. ಆದರೂ ನಾನು ಬಿಟ್ಟಿಲ್ಲ.

ಆ ಸೋಮವಾರ ಬಂದದ್ದು ಒಂದೇ ಮನೆಯ ನಾಲ್ವರು. ಗದಗಿನಲ್ಲಿ ಕಚೇರಿ ಕೆಲಸದಿಂದ ನಿವೃತ್ತರಾದ ಅಣ್ಣ, ಅವರ ಹೆಂಡತಿ; ಶಿಗ್ಲಿಯಲ್ಲಿ ಹೊಲ ನೋಡಿಕೊಂಡಿರುವ ತಮ್ಮ, ಆತನ ಹೆಂಡತಿ. ಹಿಂದಿನ ವರ್ಷ ತೀರಿಕೊಂಡ ತಾಯಿ, ಬ್ರಿಟಿಷರ ಕಾಲದ ತನ್ನ ರಾಣಿ ಛಾಪದ ರೂಪಾಯಿಗಳಿಂದ ಮನೆದೇವರಿಗೆ ಬೆಳ್ಳಿಯ ಮುಖ ಮಾಡಿಸಬೇಕೆಂದು ಹೇಳಿದ್ದರಂತೆ. ಎಲೆ ಅಡಿಕೆಯ ಹಳೆಯ ಸಂಚಿಯಲ್ಲಿ ಇಪ್ಪತ್ತೊಂದು ನಾಣ್ಯಗಳಿದ್ದವು. ಅಂಗಡಿಯಲ್ಲಿ ಇನ್ನಿಬ್ಬರು ಹೆಂಗಸರು ಕಾಲುಂಗುರದ ಕೆಲಸಕ್ಕಾಗಿ ಕೂತಿದ್ದರು. ಒಬ್ಬರು ನಮ್ಮ ಓಣಿಯವರು, ಇನ್ನೊಬ್ಬರು ಮುಂಡರಗಿಯವರು.

ನಾಣ್ಯಗಳೆಲ್ಲ ಚೆನ್ನಾಗಿ ಸವೆದಿದ್ದವು. ಒಂದು ಕಾಲಕ್ಕೆ ಸರದಲ್ಲಿದ್ದವು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ತಲೆಯ ಕಡೆ ಕೊಂಡಿ ಬೆಸೆದು ಕಿತ್ತ ಗುರುತು, ಎದೆಗೆ ತಾಗುವ ಮುಖ ಬೆವರಿಗೂ ಸೀರೆಗೂ ಉಜ್ಜಿ ನುಣ್ಣಗೆ, ಹೊರಮುಖದಲ್ಲಿ ಮಾತ್ರ ರಾಣಿಯ ತಲೆಯ ಮಸುಕು ಗೆರೆ. ಹೊಸದರಲ್ಲಿ ಒಂದು ತೊಲ ತೂಗುತ್ತಿದ್ದ ರೂಪಾಯಿ ಈಗ ಹನ್ನೊಂದೂಕಾಲು ಗ್ರಾಮಿನ ಆಚೀಚೆ ಬರುತ್ತಿತ್ತು. ಹದಿನೇಳನೆಯದನ್ನು ಇಟ್ಟಾಗ ತಕ್ಕಡಿ ಎಂಟೂಮುಕ್ಕಾಲಿಗೆ ನಿಂತಿತು. ಎತ್ತಿ ನೋಡಿದೆ. ಅದಕ್ಕೆ ಕೊಂಡಿಯ ಗುರುತೇ ಇರಲಿಲ್ಲ. ಒಂದು ಪಕ್ಕ ಅಂಚಿನಿಂದ ಒಳಕ್ಕೆ ಓರೆಯಾಗಿ ಕಡಿಮೆಯಾಗಿತ್ತು, ಕತ್ತರಿಸಿದ ಹಾಗೆ ಅಲ್ಲ, ಇಳಿಜಾರಿನ ಹಾಗೆ.

ಮೂವತ್ತು ವರ್ಷದಲ್ಲಿ ನಾನು ಕಂಡ ಕಳ್ಳ ಕೆಲಸಗಳಲ್ಲಿ ಇದು ಹಳೆಯದು. ಬೆಳ್ಳಿಯ ಅಂಚಿಗೆ ಅರ ಹಾಕಿ ಉಜ್ಜಿ ಪುಡಿ ತೆಗೆದುಕೊಳ್ಳುವುದು, ನಾಣ್ಯ ಮಾತ್ರ ಇದ್ದಲ್ಲೇ ಇಡುವುದು. ಕೇಳದಿದ್ದರೂ ಹೇಳಿಬಿಟ್ಟೆ: “ಇದಕ್ಕ ಯಾರೋ ಅರ ಹಾಕ್ಯಾರ ನೋಡ್ರಿ. ಎರಡೂವರಿ ಗ್ರಾಮ್ ಹೋಗೇತಿ.”

ಹಿರಿ ಸೊಸೆ ನನ್ನ ಕಡೆ ನೋಡುತ್ತಲೇ ಹೇಳಿದರು: “ಅತ್ತಿ ಹಾಸಿಗಿ ಹಿಡಿದ ಮ್ಯಾಲೆ ಸಂಚಿ ಯಾರ ಕಡೆ ಇತ್ತು ಅನ್ನೂದು ಎಲ್ಲಾರಿಗೂ ಗೊತ್ತೈತಿ.”

ಕಿರಿ ಸೊಸೆ ತಲೆ ಎತ್ತಿದಳು. “ಅವ್ರ ತಲಿದಿಂಬಿನ ಕೆಳಗ ಇತ್ತು. ನಾ ಬಿಚ್ಚಿ ನೋಡಿಲ್ಲ.” ಅಷ್ಟೇ. ಅವಳ ಗಂಡ ರಸ್ತೆಯ ಕಡೆ ನೋಡುತ್ತಿದ್ದ. ಅಣ್ಣ, ಇರುವಷ್ಟರಲ್ಲೇ ಮುಖ ಮಾಡಿಬಿಡಿ, ಮುಂದಿನ ಸೋಮವಾರ ಬರುತ್ತೇವೆ, ನಮ್ಮ ಎದುರಿಗೇ ಕರಗಿಸಿ ಎಂದರು. ಗಿರಾಕಿಯ ಎದುರಿಗೆ ಕರಗಿಸುವುದು ನಮ್ಮಲ್ಲಿ ರೂಢಿ. ಉಳಿದ ನಾಲ್ಕನ್ನೂ ತೂಗಿ, ಸಂಚಿ ಇಟ್ಟುಕೊಂಡು ಚೀಟಿ ಬರೆದುಕೊಟ್ಟೆ. ಅವರು ಹೋದ ಮೇಲೆ ನನಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ನೋಟಕ್ಕೆ ಹಿಡಿದೆನಲ್ಲ ಎಂದು ಹೆಮ್ಮೆಯೇ ಆಗಿತ್ತು.

ಆ ಹೆಮ್ಮೆಗೆ ಕಾರಣವನ್ನೂ ಹೇಳಬೇಕು. ನಾನು ಸವೆದ ಬೆಳ್ಳಿ ನಾಣ್ಯಗಳನ್ನು ಕೂಡಿಡುವವನು. ಹುಬ್ಬಳ್ಳಿಯಿಂದ ಬರುವ ನಾಣ್ಯ ಸಂಗ್ರಹಕಾರರಿಗೆ ಬೇಕಾದದ್ದು ಹೊಳೆಯುವ ನಾಣ್ಯ, ರಾಣಿಯ ಕೂದಲ ಎಳೆ ಎಳೆ ಕಾಣಬೇಕು ಅವರಿಗೆ. ಅಂಥದ್ದು ಸಿಕ್ಕರೆ ಅವರಿಗೇ ಕೊಡುತ್ತೇನೆ. ನನಗೆ ಅದರಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ. ಟಂಕಸಾಲೆಯಿಂದ ಬಂದು ಗಡಿಗೆಯಲ್ಲಿ ಕೂತ ನಾಣ್ಯ ಅದು, ಯಾರ ಕೈಗೂ ಹೋಗಿಲ್ಲ. ಪೂರ್ತಿ ಸವೆದದ್ದು ಹಾಗಲ್ಲ. ಸಂತೆಯಲ್ಲಿ ಕೈಯಿಂದ ಕೈಗೆ ಹೋದದ್ದು ಎರಡೂ ಕಡೆ ಸಮನಾಗಿ ಸವೆದಿರುತ್ತದೆ, ಮೊದಲು ಹೋಗುವುದು ಕೆನ್ನೆ, ಆಮೇಲೆ ಕಿವಿಯ ಮೇಲಿನ ಕೂದಲು, ಕೊನೆಗೆ ಅಕ್ಷರ. ಸರದ್ದು ಒಂದೇ ಮುಖ ಸವೆದಿರುತ್ತದೆ. ಪೂಜೆಯದ್ದಾದರೆ ಅಕ್ಷರಗಳ ಸಂದಿಯಲ್ಲಿ ಕುಂಕುಮ ಕಲ್ಲಾಗಿ ಕೂತಿರುತ್ತದೆ, ಮೇಲ್ಭಾಗ ಹುಣಸೆಹಣ್ಣಿನ ತಿಕ್ಕಾಟಕ್ಕೆ ಬಿಳುಪಾಗಿರುತ್ತದೆ. ಹಳೆಯ ಸಾಹುಕಾರರು ಬೆಳ್ಳಿ ಖರೆಯೋ ಖೋಟಿಯೋ ಎಂದು ಹೊಡೆದ ಸಣ್ಣ ಉಳಿಯ ಗುರುತುಗಳು ಕೆಲವಕ್ಕಿರುತ್ತವೆ. ಇಂಥ ನಾಣ್ಯಗಳು ಅಂಗೈಯಲ್ಲಿಟ್ಟರೆ ಮುಗಿಯುತ್ತ ಬಂದ ಸಾಬೂನಿನ ಬಿಲ್ಲೆಯ ಹಾಗೆ ಮೆತ್ತಗೆ ಕೂರುತ್ತವೆ. ಡಂಬಳ, ಸೊರಟೂರ, ಲಕ್ಷ್ಮೇಶ್ವರ ಎಂದು ಬಂದ ಊರಿನ ಹೆಸರು ಬರೆದು, ಕರಗಿಸಲು ಮನಸ್ಸಾಗದ ನಲವತ್ತು ನಾಣ್ಯಗಳನ್ನು ಒಂದು ಕಟ್ಟಿಗೆಯ ತಟ್ಟೆಯಲ್ಲಿ ಇಟ್ಟಿದ್ದೇನೆ. ಸವೆತ ಓದಲು ಬರುತ್ತದೆ ಎಂಬ ನಂಬಿಕೆ ನನಗೆ ಬಂದದ್ದು ಅವುಗಳಿಂದ.

ಮಂಗಳವಾರ ಬೆಳಗ್ಗೆ ಆ ಇಪ್ಪತ್ತೊಂದರ ನಕಲು ತೆಗೆಯಲು ಕೂತೆ. ಕರಗಿಸುವ ಮೊದಲು ತೆಳು ಕಾಗದ ಇಟ್ಟು ಮೃದು ಪೆನ್ಸಿಲಿನಿಂದ ಉಜ್ಜಿ ನಾಣ್ಯದ ಅಚ್ಚು ಇಳಿಸಿಕೊಳ್ಳುವುದು ನನ್ನ ಅಭ್ಯಾಸ. ಕಣ್ಣಿಗೆ ಕಾಣದ ಅಕ್ಷರವೂ ಕೆಲವೊಮ್ಮೆ ಕಾಗದದಲ್ಲಿ ಮೂಡುತ್ತದೆ. ಹದಿನೇಳನೆಯದರ ಇಳಿಜಾರಿನ ಮೇಲೆ ಪೆನ್ಸಿಲು ಆಡಿಸಿದಾಗ ನೇರ ಗೆರೆಗಳು ಬರಬೇಕಾಗಿತ್ತು. ಅರ ಹಾಕಿದರೆ ಹಾಗೆಯೇ ಬರುತ್ತವೆ, ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನಂತೆ. ಬಂದದ್ದು ಬಾಗಿದ ಗೆರೆಗಳು, ಕೂದಲಿಗಿಂತ ಸಣ್ಣವು, ಒಂದರ ಮೇಲೊಂದು ಹಾದುಹೋದವು.

ಭೂತಗನ್ನಡಿ ಹಚ್ಚಿ ನೋಡಿದೆ. ಅರ ಬಿದ್ದ ಬೆಳ್ಳಿಯ ಅಂಚಿನಲ್ಲಿ ಸಣ್ಣ ಮುಳ್ಳು ಏಳುತ್ತದೆ, ಎಷ್ಟೇ ವರ್ಷವಾದರೂ ಉಗುರಿಗೆ ಸಿಗುತ್ತದೆ. ಇಲ್ಲಿ ಅಂಚು ಮೊಂಡಾಗಿತ್ತು. ಇಳಿಜಾರು ಚಪ್ಪಟೆಯೂ ಅಲ್ಲ, ಬಹಳ ಕಡಿಮೆ ಉಬ್ಬು ಇತ್ತು. ಗೆರೆಗಳ ತಗ್ಗಿನಲ್ಲಿ ಕಂದು ಬಣ್ಣದ ಕಲೆ ಒಣಗಿ ಅಂಟಿತ್ತು. ಇದಿಷ್ಟೂ ಹಿಂದಿನ ದಿನವೇ ನನ್ನ ಕಣ್ಣೆದುರು ಇತ್ತು. ನಾನು ಕನ್ನಡಿ ಹಚ್ಚಿರಲಿಲ್ಲ.

ತಟ್ಟೆಯಿಂದ ಎರಡು ನಾಣ್ಯ ತೆಗೆದೆ. ಕೆಡಿಸಲು ಮನಸ್ಸಿರಲಿಲ್ಲ, ಆದರೆ ಪರೀಕ್ಷೆಗೆ ಅಂಥದೇ ಬೆಳ್ಳಿ ಬೇಕಿತ್ತು. ಒಂದಕ್ಕೆ ಅರ ಹಾಕಿದೆ. ಮುಳ್ಳು ಎದ್ದಿತು, ನೇರ ಗೆರೆಗಳು ಬಂದವು. ಇನ್ನೊಂದನ್ನು ಮೊದಲು ಸಿಮೆಂಟಿನ ಮೆಟ್ಟಿಲಿಗೆ ಉಜ್ಜಿದೆ. ಗೆರೆ ಒರಟಾಯಿತು. ಚಾಕು ಮಸೆಯುವ ಕಲ್ಲಿನ ಮೇಲೆ ತಿಕ್ಕಿದರೆ ಮೈ ಚಪ್ಪಟೆಯಾಯಿತು. ಒರೆಗಲ್ಲು ತೀರ ನುಣುಪು, ಬರೀ ಬಣ್ಣ ಹತ್ತಿತು. ಬುಧವಾರ ಮಧ್ಯಾಹ್ನದವರೆಗೂ ಹೀಗೆಯೇ ಹೋಯಿತು. ಕೊನೆಗೆ ದೇವರ ಮನೆಯ ಗಂಧ ತೇಯುವ ಕಲ್ಲನ್ನು ಹೆಂಡತಿಗೆ ಹೇಳಿ ತಂದು, ನಾಲ್ಕು ಹನಿ ನೀರು ಹಾಕಿ, ನಾಣ್ಯವನ್ನು ಓರೆ ಹಿಡಿದು ಸುತ್ತು ಸುತ್ತಾಗಿ ಉಜ್ಜಿದೆ. ಆ ಗೆರೆ ಬಂತು. ಕಾಗದಕ್ಕೆ ಇಳಿಸಿ ಎರಡನ್ನೂ ಪಕ್ಕದಲ್ಲಿ ಇಟ್ಟರೆ ಒಂದೇ ಕೈಯ ಬರಹದ ಹಾಗಿತ್ತು.

ಇನ್ನೊಂದು ಲೆಕ್ಕ ಉಳಿದಿತ್ತು. ಮಿಲಿಗ್ರಾಮ್ ತೋರಿಸುವ ತಕ್ಕಡಿಯಲ್ಲಿ ತೂಗಿ, ನೂರು ಸುತ್ತು ತೇದು, ಒರೆಸಿ ಮತ್ತೆ ತೂಗಿದೆ. ಕಡಿಮೆಯಾದದ್ದು ನಾಲ್ಕು ಮಿಲಿಗ್ರಾಮ್. ಎರಡೂವರೆ ಗ್ರಾಮ್ ಹೋಗಬೇಕಾದರೆ ಅರವತ್ತು ಸಾವಿರ ಸುತ್ತು ದಾಟಬೇಕು. ಅಷ್ಟು ತೇದರೂ ಬೆಳ್ಳಿ ನೀರಿನೊಂದಿಗೆ ಕೆಸರಾಗಿ ಹೋಗುತ್ತದೆ, ಪುಡಿ ಕೈಗೆ ಸಿಗುವುದಿಲ್ಲ. ಯಾವ ಕಳ್ಳನೂ ಹೀಗೆ ಕದಿಯುವುದಿಲ್ಲ. ಹಾಸಿಗೆ ಹಿಡಿದ ಅತ್ತೆಯ ಪಕ್ಕದಲ್ಲಿ ಕೂತ ಸೊಸೆಯಂತೂ ಅಲ್ಲ.

ಆದರೆ ರೂಪಾಯಿಯನ್ನು ಗಂಧದ ಕಲ್ಲಿಗೆ ಯಾರು ತೇಯುತ್ತಾರೆ, ಯಾಕೆ ತೇಯುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಹೆಂಡತಿ ಕಲ್ಲು ಒಯ್ಯಲು ಬಂದವಳು ನಾನು ತೇಯುವುದನ್ನು ನೋಡಿ ನಿಂತಳು. “ಕೂಸಿಗೆ ಬಜಿ ಬೇರು ತೇದಂಗ ತೇಯಾಕತ್ತೀರಲ್ಲ,” ಅಂದಳು. ಅವಳು ತಮಾಷೆಗೆ ಅಂದದ್ದು. ನಾನು ನಾಣ್ಯದ ತಗ್ಗಿನ ಕಲೆಯನ್ನು ಅವಳಿಗೆ ತೋರಿಸಿದೆ. ಕನ್ನಡಿಯಲ್ಲಿ ನೋಡಿ, ಮೂಸಿ, ಏನೂ ವಾಸನೆ ಇಲ್ಲ, ಆದರೆ ಬಜೆಯ ಬಣ್ಣ ಹೀಗೇ ಇರುತ್ತದೆ ಎಂದಳು.

ಗದಗಿನ ಅಣ್ಣನಿಗೆ ಫೋನು ಮಾಡಿ, ನನ್ನ ಮಾತು ತಪ್ಪಿರಬಹುದು ಎಂದೆ. ಅವರಿಗೆ ಖುಷಿಯಾಗಲಿಲ್ಲ. ಮನೆಯಲ್ಲಿ ಆ ಮಾತು ಹೇಗೋ ಮುಚ್ಚಿಹೋಗಿದೆ, ಮತ್ತೆ ಕೆದಕುವುದು ಬೇಡ, ಸೋಮವಾರ ಕರಗಿಸಿದರೆ ಎಲ್ಲ ಮುಗಿಯುತ್ತದೆ ಎಂದರು. ಗಿರಾಕಿಯ ಮಾತು ಕೇಳಿ ಸುಮ್ಮನಿರುವುದು ಸುಲಭವಿತ್ತು. ಗುರುವಾರ ಇಡೀ ದಿನ ಬೇರೆ ಕೆಲಸ ಮಾಡಿದೆ, ಒಂದೂ ಸರಿಯಾಗಲಿಲ್ಲ. ಕರಗಿದ ಮೇಲೆ ಆ ಇಳಿಜಾರೂ ಇರುವುದಿಲ್ಲ, ಗೆರೆಯೂ ಇರುವುದಿಲ್ಲ, ಉಳಿಯುವುದು ನಾನು ಆಡಿದ ಮಾತೊಂದೇ ಎಂಬುದು ತಲೆಯಿಂದ ಹೋಗಲಿಲ್ಲ. ಶುಕ್ರವಾರ ಅಂಗಡಿ ಮುಚ್ಚಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿಂದ ಶಿಗ್ಲಿಗೆ ಟಂಟಂ ಗಾಡಿ.

ಕಿರಿ ಸೊಸೆ ಒಬ್ಬಳೇ ಮನೆಯಲ್ಲಿದ್ದಳು. ಗಂಡ ಹೊಲಕ್ಕೆ ಹೋಗಿದ್ದ. ಪಡಸಾಲೆಯಲ್ಲಿ ಚಾಪೆ ಹಾಸಿ ನೀರು ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಕಾಗದಗಳನ್ನು ಬಿಚ್ಚಿ ತೋರಿಸುತ್ತ, ಅದಕ್ಕೆ ಅರ ಬಿದ್ದಿಲ್ಲ, ತಪ್ಪಾಯಿತು ಎಂದೆ. ನಿಮ್ಮ ಅತ್ತೆ ಕೂಸುಗಳಿಗೆ ಬಜೆ ತೇದು ನೆಕ್ಕಿಸುತ್ತಿದ್ದರೇ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳು ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆಯ ಕಣ್ಣು ಮಂಜಾಗಿ ಹೊರಗಿನ ಓಡಾಟ ನಿಂತಿತ್ತು. ಅವಳ ಎರಡೂ ಬಾಣಂತನ ಮುಂಡರಗಿಯ ತವರಿನಲ್ಲೇ ಆಗಿದ್ದವು. ಹಿರಿ ಸೊಸೆಯದೂ ತವರಿನಲ್ಲೇ. ಗಂಡುಮಕ್ಕಳಿಗೆ ಬಾಣಂತಿಯ ಕೋಣೆಯ ಸುದ್ದಿ ತಿಳಿಯುವುದೇ ಇಲ್ಲ.

ಅವಳು ಪಕ್ಕದ ಮನೆಯ ಅಜ್ಜಿಯನ್ನು ಕರೆದಳು. ಎಂಬತ್ತು ದಾಟಿದ ಹೆಂಗಸು, ಗೋಡೆ ಹಿಡಿದು ಬಂದು ಕೂತರು. ನಾನು ನಾಣ್ಯವನ್ನು ಅವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಇಳಿಜಾರನ್ನು ಸವರಿದರು, ಒಮ್ಮೆ, ಇನ್ನೊಮ್ಮೆ.

“ಇದು ಆಕಿದ ಎರಿಯೂ ರೂಪಾಯಿ,” ಅಂದರು. “ನಮ್ಮ ಓಣ್ಯಾಗ ಕೂಸು ಹುಟ್ಟಿದ್ರ ನೀರ ಎರಿಯಾಕ ಆಕೀನ ಬರತಿದ್ಲು. ಎರದು, ಬಜಿ ತೇದು, ಮ್ಯಾಲೆ ಇದನ್ನ ನಾಕ ಸುತ್ತ ತೇದು ನೆಕ್ಕಸತಿದ್ಲು. ಇದ್ದವ್ರು ಬಂಗಾರ ತೇಯತಿದ್ರು. ನಮ್ಮಂಥವ್ರ ಮನ್ಯಾಗ ಬಂಗಾರ ಎಲ್ಲಿಂದ ಬರಬೇಕು? ನನ್ನ ಐದೂ ಮಕ್ಳು ಇದನ್ನ ನೆಕ್ಕ್ಯಾವ. ಮಕ್ಕಳ ಮಕ್ಕಳೂ ನೆಕ್ಕ್ಯಾವ.”

ಈಗ ಡಾಕ್ಟರುಗಳು ಹಸುಗೂಸಿಗೆ ತಾಯಿಯ ಹಾಲು ಬಿಟ್ಟು ಬೇರೆ ಏನನ್ನೂ ಕೊಡಬೇಡಿ ಎನ್ನುತ್ತಾರೆ, ಅದು ಸರಿಯೂ ಹೌದು. ನಾನು ಆ ಹೊತ್ತಿಗೆ ಅದನ್ನೆಲ್ಲ ಯೋಚಿಸಲಿಲ್ಲ. ದಿನಕ್ಕೆ ನಾಲ್ಕು ಸುತ್ತು, ಕೂಸಿಗೆ ಮೂರು ತಿಂಗಳು, ವರ್ಷಕ್ಕೆ ಐದಾರು ಕೂಸು, ಹೀಗೆ ನಲವತ್ತು ವರ್ಷ ಎಂದು ಮನಸ್ಸಿನಲ್ಲೇ ಕೂಡಿಸಿದೆ. ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು. ಹೋದ ಬೆಳ್ಳಿ ಆ ಓಣಿಯ ಮಂದಿಯ ಹೊಟ್ಟೆಗೆ ಹೋಗಿತ್ತು. ನನ್ನ ತಟ್ಟೆಯ ಒಂದು ನಾಣ್ಯವೂ ನನಗೆ ಇಷ್ಟು ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ನಾನು ಬಂದ ಕೆಲಸ ಮರೆತು, ಇದನ್ನು ಹೇಗಾದರೂ ಇಟ್ಟುಕೊಳ್ಳಬೇಕು ಎಂದುಕೊಂಡೆ.

ಅಜ್ಜಿ ಹೋದ ಮೇಲೆ, ಇನ್ನು ನಿಮ್ಮ ಮೇಲೆ ಯಾವ ಮಾತೂ ಇಲ್ಲ ಎಂದೆ. ಸಮಾಧಾನದ ಮಾತು ಬರಬಹುದು ಎಂದು ನಿರೀಕ್ಷಿಸಿದ್ದೆ.

“ಪತ್ತಾರ್ರ, ನೀವು ಅರ ಹಾಕ್ಯಾರ ಅಂದದ್ದು ಅಂಗಡ್ಯಾಗ, ಮಂದಿ ಮುಂದ,” ಅಂದಳು. “ತಪ್ಪಾತು ಅನ್ನಾಕ ಬಂದದ್ದು ನನ್ನ ಅಡಗಿ ಮನಿ ಬಾಗಲಕ್ಕ. ಅವತ್ತ ಅಲ್ಲೆ ಕುಂತಿದ್ರಲ್ಲ, ಒಬ್ರು ನಮ್ಮ ತವರೂರವ್ರು.”

ಸೋಮವಾರ ಎಲ್ಲರ ಎದುರಿಗೆ ಹೇಳುತ್ತೇನೆ, ಅತ್ತೆ ತೇಯುತ್ತಿದ್ದ ಕಲ್ಲು ಇದ್ದರೆ ಕೊಡಿ ಎಂದೆ. ಕಲ್ಲು ಬಚ್ಚಲ ಪಕ್ಕದ ಗೂಡಿನಲ್ಲಿತ್ತು. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ತರುವುದಾಗಿ ಹೇಳಿದಳು.

ಶನಿವಾರ ಕಾಲುಂಗುರ ಮುಗಿಸಿ, ಅವನ್ನು ತೆಗೆದುಕೊಂಡು ನಾನೇ ಮುಂಡರಗಿಗೆ ಹೋದೆ. ಆ ಗಿರಾಕಿಗೆ ಆಶ್ಚರ್ಯ. ಕೂತು ಎಲ್ಲ ವಿವರಿಸಿದೆ. ಅವರು ಕಾಲುಂಗುರ ಹಾಕಿಕೊಂಡು ನೋಡುತ್ತ, “ನಾ ಆಗಲೇ ಇಬ್ಬರ ಮುಂದ ಹೇಳಿಬಿಟ್ಟೀನಲ್ರಿ,” ಅಂದರು. ಅವರಿಗೂ ಇದನ್ನು ಹೇಳಿ ಎಂದು ಕೈಮುಗಿದು ಬಂದೆ. ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಸೋಮವಾರ ನಾಲ್ವರೂ ಬಂದರು. ನಮ್ಮ ಓಣಿಯ ಗಿರಾಕಿಯನ್ನೂ ಆ ಹೊತ್ತಿಗೇ ಕರೆಸಿದ್ದೆ. ಕುಲುಮೆ ಹಚ್ಚುವ ಮೊದಲು, ಹಿಂದಿನ ವಾರ ನಾನು ಆಡಿದ ಮಾತು ತಪ್ಪು, ಕನ್ನಡಿ ಹಚ್ಚದೆ ಆಡಿದ್ದು ಎಂದು ಹೇಳಿದೆ. ಅಣ್ಣನಿಗೆ ಇದು ಹಿಡಿಸಲಿಲ್ಲ, ಆದರೆ ತಡೆಯಲಿಲ್ಲ. ನಾನು ಅರ ಹಾಕಿದ ನಾಣ್ಯ, ಕಲ್ಲಿಗೆ ತೇದ ನಾಣ್ಯ, ಹದಿನೇಳನೆಯದು, ಮೂರರ ಅಚ್ಚು, ಎಲ್ಲವನ್ನೂ ಗಾಜಿನ ಮೇಲೆ ಸಾಲಾಗಿ ಇಟ್ಟು, ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನೂ ಹೇಳಿದೆ. ಕಿರಿ ಸೊಸೆ ಚೀಲದಿಂದ ಕಲ್ಲು ತೆಗೆದಳು. ಅದರ ನಡುವೆ ತಗ್ಗು ಬಿದ್ದಿತ್ತು. ನಾಣ್ಯವನ್ನು ಓರೆ ಹಿಡಿದು ಆ ತಗ್ಗಿಗೆ ಇಟ್ಟರೆ ಇಳಿಜಾರು ಸಂದಿ ಇಲ್ಲದ ಹಾಗೆ ಕೂತಿತು.

ಅಣ್ಣನ ಕೈಗೆ ನನ್ನದೊಂದು ನಾಣ್ಯ ಕೊಟ್ಟು ನೂರು ಸುತ್ತು ತೇಯಿರಿ ಎಂದೆ. ಅವರು ಕಚೇರಿಯ ಮನುಷ್ಯ, ಎಣಿಸಿಕೊಂಡೇ ತೇದರು. ತಕ್ಕಡಿ ಮೂರು ಮಿಲಿಗ್ರಾಮ್ ಕಡಿಮೆ ತೋರಿಸಿತು. ಅವರು ಕೈ ಒರೆಸಿಕೊಂಡು ಕಲ್ಲನ್ನು ನೋಡುತ್ತ ಕೂತರು. “ಅವ್ವ ಯಾರದರ ಮನೀಗೆ ಎರಿಯಾಕ ಹೊಂಟಾಗ ಸೊಂಟಕ್ಕ ಏನೋ ಕಟಗೊಂಡು ಹೋಗತಿದ್ಲು,” ಅಂದರು. “ಎಲಿ ಅಡಕಿ ಅಂತ ತಿಳಕೊಂಡಿದ್ದೆ.” ಹಿರಿ ಸೊಸೆ ನಾಣ್ಯವನ್ನು ಎತ್ತಿ, ತಿರುವಿ, ಕೆಳಗಿಟ್ಟರು.

ಆಗ ನಾನು ನನ್ನ ಮಾತು ಹೇಳಿದೆ. ಇದೊಂದನ್ನು ಕರಗಿಸುವುದು ಬೇಡ, ಇದರ ಜಾಗಕ್ಕೆ ಪೂರ್ತಿ ತೂಕದ ಬೆಳ್ಳಿ ನಾನು ಹಾಕುತ್ತೇನೆ, ಇದನ್ನು ನನಗೆ ಬಿಟ್ಟುಕೊಡಿ, ಊರು ಹೆಸರು ಬರೆದು ಜೋಪಾನವಾಗಿ ಇಡುತ್ತೇನೆ ಎಂದೆ. ತಟ್ಟೆಯನ್ನೂ ತೆಗೆದು ತೋರಿಸಿದೆ. ಅಣ್ಣ ಒಪ್ಪುವ ಹಾಗಿದ್ದರು. ತಮ್ಮ ಹೆಂಡತಿಯ ಮುಖ ನೋಡಿದ.

“ಬ್ಯಾಡ್ರಿ,” ಅಂದಳು ಕಿರಿ ಸೊಸೆ. “ನೀವು ಅದನ್ನ ನೋಡಿ ಒಂದ ಓದಿದ್ರಿ. ಆಮ್ಯಾಲೆ ಇನ್ನೊಂದ ಓದಿದ್ರಿ. ನಾಳೆ ಮತ್ತ್ಯಾರೋ ನೋಡಿ ಮತ್ತೊಂದ ಓದತಾರ. ಕರಗಸ್ರಿ.”

ನಾನು ತಟ್ಟೆಯನ್ನು ಒಳಗಿಟ್ಟೆ.

ಕರಗಿಸುವ ಮೂಸೆ ಕೆಂಪಾಗುವವರೆಗೆ ಕಾಯಿಸಿ, ಕೊಳೆ ಬಿಡಿಸುವ ಬಿಳಿಗಾರ ಉದುರಿಸಿ, ಐದೈದಾಗಿ ನಾಣ್ಯ ಹಾಕತೊಡಗಿದೆ. ಹದಿನೇಳನೆಯದನ್ನು ಕೊನೆಗೆ ಉಳಿಸಿಕೊಂಡಿದ್ದೆ, ಅದು ಅವಳ ಗಮನಕ್ಕೂ ಬಂದಿತ್ತು. ಇಕ್ಕಳದಲ್ಲಿ ಹಿಡಿದು ಹಾಕಿದೆ. ತೆಳುವಾದ ಪಕ್ಕ ಮೊದಲು ಬಾಗಿತು, ಆಮೇಲೆ ರಾಣಿಯ ತಲೆಯ ಗೆರೆ, ಆಮೇಲೆ ಬೆಳ್ಳಿಯ ಮೇಲೆ ಒಂದು ಅಲೆ. ಅದು ಎಲ್ಲಿತ್ತು ಎಂದು ತೋರಿಸಲು ಏನೂ ಉಳಿಯಲಿಲ್ಲ. ಅಚ್ಚಿಗೆ ಹೊಯ್ದೆ.

ಆ ದಿನದಿಂದ ನನ್ನ ಕೆಲಸದಲ್ಲಿ ಒಂದು ಬದಲಾವಣೆಯಾಗಿದೆ. ಗಿರಾಕಿಯ ಎದುರಿಗೆ ಕಂಡದ್ದನ್ನು ಮಾತ್ರ ಹೇಳುತ್ತೇನೆ: ಇಷ್ಟು ತೂಕ, ಇಲ್ಲಿ ಸವೆದಿದೆ, ಗೆರೆ ಹೀಗಿದೆ. ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಸವೆದ ನಾಣ್ಯ ಕೂಡಿಡುವುದನ್ನು ಬಿಟ್ಟಿಲ್ಲ. ಅವುಗಳಲ್ಲಿ ಇನ್ನೊಬ್ಬರ ಬದುಕು ಇದೆ ಎಂಬುದಕ್ಕೇ ಅವು ನನಗೆ ಬೇಕಾಗಿದ್ದವು. ಆ ಇನ್ನೊಬ್ಬರು ಬದುಕಿಯೇ ಇರಬಹುದು, ನನ್ನ ಎದುರಿಗೇ ನಿಂತಿರಬಹುದು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಳ್ಳಿಯನ್ನು ತಗಡು ಬಡಿದು, ರಾಳದ ಮೇಲೆ ಕೂರಿಸಿ, ಹಿಂದಿನಿಂದ ಉಬ್ಬಿಸಿ ಮುಖ ತೆಗೆಯಲು ಹನ್ನೆರಡು ದಿನ ಹಿಡಿಯಿತು. ಮೂಗು ಎರಡು ಸಲ ಕೆಟ್ಟಿತು. ಕಣ್ಣು ಮಾತ್ರ ಮೊದಲ ಪೆಟ್ಟಿಗೇ ಬಂದವು.

ಒಯ್ಯಲು ಬಂದದ್ದು ಇಬ್ಬರೂ ಸೊಸೆಯಂದಿರು, ಗಂಡಸರು ಬಂದಿರಲಿಲ್ಲ. ಹೊಸ ಕೆಂಪು ಬಟ್ಟೆಯ ಮೇಲೆ ಮುಖವನ್ನು ಇಟ್ಟು ಹಿರಿಯವರ ಮುಂದೆ ಸರಿಸಿದೆ. ಅವರು ಅದನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. ಗದಗಿನ ಮನೆಯಲ್ಲಿ ದೇವರಿಗೆ ದೊಡ್ಡ ಕಟ್ಟೆ ಕಟ್ಟಿಸಿದ್ದೇವೆ ಎಂದು ಮೊದಲ ದಿನ ಅಣ್ಣ ಹೇಳಿದ್ದರಿಂದ, ಅದು ಅಲ್ಲಿಗೇ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಿರಿ ಸೊಸೆ ಕಿರಿಯವಳ ಕಡೆ ತಿರುಗಿ, “ಉಡಿ ಹಿಡಿ,” ಅಂದರು.

ಕಿರಿಯವಳು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಬಿಡಿಸಿ ಉಡಿ ಮಾಡಿ ಒಡ್ಡಿದಳು. ಹಿರಿಯವರು ಮುಖವನ್ನು ಅದರಲ್ಲಿ ಇಟ್ಟರು. ಅವರ ಕೈ ಸ್ವಲ್ಪ ಹೊತ್ತು ಸೆರಗಿನ ಅಂಚಿನ ಮೇಲೆಯೇ ಇತ್ತು.

“ಅಕ್ಕಾ, ಹೊತ್ತಾತು,” ಅಂದಳು ಕಿರಿಯವಳು. “ಶಿಗ್ಲಿತನ ಬರ್ರಿ. ದೇವರನ್ನ ಇಬ್ಬರೂ ಕೂಡಿ ಕುಂದ್ರಸೋಣು.”